ಹೆಂಗಸರು ಪರದೆಯ ಹಿಂದೆ ಕೂತು ನೋಡಿದ ಸಿನಿಮಾ

ಮದುವೆಯಾಗಿ ಕೊಳ್ಳೇಗಾಲದ ಈ ಮನೆಗೆ ಬಂದಾಗಿನಿಂದ ನಮ್ಮ ಅತ್ತೆಯ ಬಾಯಲ್ಲಿ ನಾನು ಒಂದೇ ಒಂದು ಸಿನಿಮಾದ ಕತೆ ಕೇಳುತ್ತ ಬಂದಿದ್ದೇನೆ. ಅವರೆಕಾಯಿ ಸುಲಿಯುವಾಗ, ಹುಣಸೆಹಣ್ಣಿನ ಬೀಜ ಬಿಡಿಸುವಾಗ, ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿದ್ದಾಗ ಆ ಕತೆ ಬರುತ್ತದೆ. ಅವರು ಬೇರೆ ಸಿನಿಮಾ ನೋಡಿಲ್ಲವೆಂದಲ್ಲ. ಟೀವಿಯಲ್ಲಿ ಬಂದದ್ದನ್ನೆಲ್ಲ ನೋಡುತ್ತಾರೆ, ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮರೆಯುತ್ತಾರೆ. ಇದೊಂದನ್ನು ಮಾತ್ರ ಮದುವೆಗೆ ಮುಂಚೆ ತಮ್ಮ ತವರೂರು ಕೌದಳ್ಳಿಯ ಟೆಂಟಿನಲ್ಲಿ ನೋಡಿ, ಹಾಗೇ ಇಟ್ಟುಕೊಂಡಿದ್ದಾರೆ.

ತಮಿಳು ಸಿನಿಮಾ. ಆ ಕಡೆ ಆಗ ಕನ್ನಡದಷ್ಟೇ ತಮಿಳು ಸಿನಿಮಾಗಳೂ ಬರುತ್ತಿದ್ದವು, ಎಲ್ಲರಿಗೂ ಅರ್ಥವಾಗುತ್ತಿತ್ತು. ಅದರಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಕಬ್ಬಿಣದ ತಿಜೋರಿಗಳ ಬೀಗ ರಿಪೇರಿ ಮಾಡುವವನು. ಕಿವಿಯನ್ನು ಬಾಗಿಲಿಗೆ ಒತ್ತಿ ಕಣ್ಣು ಮುಚ್ಚಿದರೆ ಎಂಥ ಬೀಗವಾದರೂ ಅವನಿಗೆ ತೆರೆದುಕೊಳ್ಳುತ್ತದೆ. ಒಂದು ದಿನ ಚಿನ್ನದ ಅಂಗಡಿಯ ತಿಜೋರಿ ಖಾಲಿಯಾಗುತ್ತದೆ. ಇನ್ಸ್‌ಪೆಕ್ಟರು ಬಂದು, ಹಿಡಿಯ ಮೇಲಿನ ಎಣ್ಣೆ ಕಲೆ ನೋಡಿ, ಇದನ್ನು ತಿರುಗಿಸಿದ್ದು ಎಡಗೈ ಎನ್ನುತ್ತಾನೆ. ಮೆಕ್ಯಾನಿಕ್ಕನ್ನು ಠಾಣೆಗೆ ಕರೆಸಿ, ಮಾತಿಲ್ಲದೆ ಮುಂದೊಂದು ಪೆನ್ನು ಇಡುತ್ತಾನೆ. ಅವನು ಪೆನ್ನು ತೆಗೆದುಕೊಂಡು ಹೆಸರು ಬರೆಯುತ್ತಾನೆ. ಇನ್ಸ್‌ಪೆಕ್ಟರು ಆ ಕೈಯನ್ನೇ ನೋಡಿ, ಹೋಗು ಎಂದು ಬಿಟ್ಟುಬಿಡುತ್ತಾನೆ. ಕೊನೆಗೆ ಮೆಕ್ಯಾನಿಕ್ಕು ರೈಲಿನಲ್ಲಿ ಊರು ಬಿಟ್ಟು ಹೋಗುತ್ತಿರುತ್ತಾನೆ. ಎದುರು ಸೀಟಿನ ಮಗುವಿನ ಕೀಲಿ ಕೊಡುವ ಗೊಂಬೆ ಕೆಟ್ಟು ನಿಂತಿರುತ್ತದೆ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಅದನ್ನು ಸರಿಮಾಡಿ ಕೊಡುತ್ತಾನೆ. ಅಷ್ಟೆ, ಮುಗಿಯಿತು.

"ಅವ್ನು ಎಡಚ ಕಣವ್ವ" ಎಂದು ಅತ್ತೆ ಪ್ರತಿಸಲ ಇಲ್ಲಿ ತಡೆದು ಹೇಳುತ್ತಾರೆ. "ಸಿನಿಮಾ ಪೂರ್ತಿ ಎಡಗೈಲೇ ಕೆಲ್ಸ ಮಾಡೂದು. ಬರೆದುದ್ದೂ ಎಡಗೈಲೇ. ಆದ್ರೂ ಆ ಇನಿಸ್ಪೆಟ್ರು ಬುಟ್ಬುಟ್ಟ. ಎಡಚ ಅಂದ್ಬುಟ್ರೆ ಕಳ್ಳ ಆಗೋದ್ನಾ? ಅಷ್ಟು ತಿಳಿವಳ್ಕೆ ಇತ್ತು ಅವ್ನಿಗ. ಆದ್ರ ಇವ್ನು ನೋಡು, ಪಾಪ, ಕೊನೇಲಿ ಆ ಕೂಸಿನ ಬೊಂಬೇನ ಬಲಗೈಲಿ ರಿಪೇರಿ ಮಾಡ್ಕೊಟ್ಟ. ಜನ ಆಡ್ಕಂಡಾರು ಅಂತ ಕೈಯನ್ನೇ ಬದಲಾಯಿಸ್ಕಂಬುಟ್ಟ."

ಅತ್ತೆ ಈ ಕತೆಯನ್ನು ಇಷ್ಟು ಸಲ ಹೇಳಲು ಕಾರಣ ಅವರ ತಮ್ಮ. ನಾನು ಅವರನ್ನು ಕೌದಳ್ಳಿ ಮಾವ ಎನ್ನುತ್ತೇನೆ. ಅವರೂ ಬೀಗದ ಕೆಲಸದವರು, ಅವರೂ ಎಡಚರು. ಸಿನಿಮಾ ಬರುವುದಕ್ಕೆ ಸ್ವಲ್ಪ ಮುಂಚೆ ಅವರ ಕಡೆಯ ಮಂಡಿ ಯಜಮಾನರೊಬ್ಬರ ಮನೆಯ ತಿಜೋರಿಯಿಂದ ಒಡವೆ ಕಳುವಾಗಿತ್ತು. ಬೀಗ ಒಡೆದಿರಲಿಲ್ಲ, ತೆಗೆದಿದ್ದರು. ಆ ಬೀಗವನ್ನು ಸರಿಮಾಡಿ ಕೊಟ್ಟಿದ್ದವರು ಮಾವ. ಪೊಲೀಸರು ಕರೆದುಕೊಂಡು ಹೋದರು, ಕೆಲವು ದಿನ ಇಟ್ಟುಕೊಂಡರು, ಏನೂ ಸಿಗದೆ ಬಿಟ್ಟರು. ಒಡವೆ ಸಿಗಲಿಲ್ಲ, ಬೇರೆ ಯಾರೂ ಸಿಕ್ಕಿಬೀಳಲಿಲ್ಲ. ಅದಾದ ಮೇಲೆ ಸುಗ್ಗಿ ಕಳೆದು ಟೆಂಟು ಬಂತು, ಈ ಸಿನಿಮಾ ಬಂತು.

ಸಿನಿಮಾ ನೋಡಿ ಬಂದ ಮೇಲೆ ಊರಿನ ಹೆಂಗಸರೆಲ್ಲ ಮಾವನನ್ನು ಕರೆದು ಮಾತಾಡಿಸಿದರಂತೆ. ಪೆಟ್ಟಿಗೆ, ಬೀರು, ಕಣಜದ ಕೋಣೆಯ ಬೀಗ, ಎಲ್ಲ ಮೊದಲಿನಂತೆ ಅವರ ಕೈಗೇ ಬಂದವು. ಗಂಡಸರು ಮಾತ್ರ ಸಿನಿಮಾ ಬಂದ ಮೇಲೆಯೇ ಇನ್ನಷ್ಟು ಕೆಟ್ಟರು. ಟೀ ಅಂಗಡಿಯಲ್ಲಿ ಮಾವ ಎಡಗೈಯಲ್ಲಿ ಲೋಟ ಹಿಡಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರಂತೆ. ಮಾವ ಕೈ ಬದಲಾಯಿಸಿಕೊಂಡರು. ಬಲಗೈಗೆ ಆ ನಯ ಬರಲಿಲ್ಲ. ಬೀಗದ ಕೆಲಸ ಬಿಟ್ಟು, ಹನೂರಿನ ಕಡೆ ಪಂಪ್‌ಸೆಟ್ಟಿನ ಮೋಟಾರು ಬಿಚ್ಚುವ ಒರಟು ಕೆಲಸಕ್ಕೆ ಹೋದರು.

"ಗಂಡಸ್ರಿಗ ಅದ್ಯಾಕೆ ಅರ್ಥ ಆಗ್ನಿಲ್ವೋ ಕಾಣೆ" ಎನ್ನುತ್ತಿದ್ದರು ಅತ್ತೆ. "ಅದೇ ಸಿನಿಮಾನೇ ಅವ್ರೂ ನೋಡಿದ್ದು. ನೋಡೂಕೂ ತಲೆ ಬೇಕು, ಏನ್ ಮಾಡೂದು."

ಹೋದ ತಿಂಗಳು ಮಾವ ಮಂಡಿನೋವಿಗೆ ಡಾಕ್ಟರಿಗೆ ತೋರಿಸಲೆಂದು ಬಂದು ಎರಡು ದಿನ ನಮ್ಮಲ್ಲಿ ಉಳಿದರು. ಅದೇ ದಿನಗಳಲ್ಲಿ ನನ್ನ ಮಗಳು ಅಜ್ಜಿಯ ಕತೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅದೇ ಸಿನಿಮಾವನ್ನು ಟೀವಿಯಲ್ಲಿ ಬರುವಂತೆ ಮಾಡಿಟ್ಟು ಕಾಲೇಜಿಗೆ ಹೋದಳು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಹೊಸ ಕಣ್ಣು ಬಂದ ಹುರುಪು. ತಮ್ಮನ ಜೊತೆ ಕೂತು ನೋಡುತ್ತೇನೆ, ಮಧ್ಯಾಹ್ನ ಹಾಕು ಎಂದರು.

ಬೆಳಿಗ್ಗೆ ಅವರಿಬ್ಬರೂ ಆಸ್ಪತ್ರೆಗೆ ಹೋಗಿದ್ದಾಗ ಸರಿಯಾಗಿ ಬರುತ್ತದೋ ಇಲ್ಲವೋ ನೋಡೋಣವೆಂದು ನಾನೊಬ್ಬಳೇ ಹಾಕಿದೆ. ಓಡಿಸಿಕೊಂಡು ನೋಡಿದೆ. ಅತ್ತೆ ಹೇಳಿದ್ದೆಲ್ಲ ಇತ್ತು. ತಿಜೋರಿ, ಎಣ್ಣೆ ಕಲೆ, ಪೆನ್ನು, ರೈಲು. ಆದರೆ ಮೆಕ್ಯಾನಿಕ್ಕು ಎಡಚನಲ್ಲ. ಸಿನಿಮಾ ಪೂರ್ತಿ ಬಲಗೈಯಲ್ಲೇ ಕೆಲಸ ಮಾಡಿದ. ಪೆನ್ನನ್ನೂ ಬಲಗೈಯಲ್ಲೇ ಹಿಡಿದ. ಅದಕ್ಕೇ ಇನ್ಸ್‌ಪೆಕ್ಟರು ಅವನನ್ನು ಬಿಟ್ಟ. ರೈಲಿನಲ್ಲಿ ಮಗುವಿನ ಗೊಂಬೆ ಕೈಗೆ ಬಂದಾಗ ಸ್ಕ್ರೂಡ್ರೈವರ್ ಮೊದಲ ಸಲ ಎಡಗೈಗೆ ಹೋಯಿತು. ಎಷ್ಟು ಸಲೀಸಾಗಿ ತಿರುಗಿತೆಂದರೆ ಹುಟ್ಟಿದಾಗಿನಿಂದ ಆ ಕೈಯೇ ಕೆಲಸ ಮಾಡುತ್ತ ಬಂದಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಮೆಕ್ಯಾನಿಕ್ಕು ಕಿಟಕಿಯ ಕಡೆ ತಿರುಗಿ ಸ್ವಲ್ಪ ನಕ್ಕ. ಅವನೇ ಕಳ್ಳ.

ಅತ್ತೆ ಮರೆತಿದ್ದಾರೆ ಎಂದುಕೊಂಡೆ. ಆದರೆ ಮರೆಯುವವರು ಇಷ್ಟು ನೇರವಾಗಿ, ಎಲ್ಲವನ್ನೂ ಒಂದೇ ಕಡೆಗೆ ಮರೆಯುವುದಿಲ್ಲ. ಮತ್ತೆ ಹಿಂದಕ್ಕೆ ಓಡಿಸಿದೆ. ನಾಯಕಿ ಬಾವಿಯ ಹತ್ತಿರ ನಿಂತಿದ್ದಳು. ಸೆರಗು ಎಡಭುಜದ ಮೇಲೆ, ನಾವೆಲ್ಲ ಹಾಕುವ ಹಾಗೇ.

ಅಲ್ಲಿ ನನಗೆ ತಿಳಿಯಿತು. ಯಾಕೆಂದರೆ ಅತ್ತೆ ಹೇಳುವ ಇನ್ನೊಂದು ಸಂಗತಿ, ಆ ಸಿನಿಮಾದ ಹೆಣ್ಣು ಸೆರಗನ್ನು ಬಲಭುಜಕ್ಕೆ ಹಾಕುತ್ತಿದ್ದಳೆಂಬುದು. ಪಟ್ಟಣದ ಫ್ಯಾಷನ್ ಎಂದು ನಾಲ್ಕಾರು ಹುಡುಗಿಯರು ಒಂದು ಮದುವೆಗೆ ಹಾಗೇ ಉಟ್ಟುಕೊಂಡು ಹೋಗಿ, "ಬಲಗಡೀಕ ಸೆರಗ ಆಕಂಡು ಬಂದಿದೀರಲ್ಲ, ಯಾವ ಸೇಟು ಮನೆಯೋರವ್ವ ನೀವು?" ಎಂದು ಬೈಸಿಕೊಂಡಿದ್ದರಂತೆ.

ಅವರ ಟೆಂಟಿನಲ್ಲಿ ಒಂದು ಪದ್ಧತಿಯಿತ್ತು. ಪರದೆಯ ಮುಂದಿನ ಮರಳಿನಲ್ಲಿ ಗಂಡಸರು ಬೀಡಿ ಸೇದುತ್ತ, ಶಿಳ್ಳೆ ಹೊಡೆಯುತ್ತ ಕೂರುವರು. ಹೆಂಗಸರನ್ನು ಅವರ ನಡುವೆ ಕೂರಿಸಲು ಮನೆಯವರಿಗೆ ಮನಸ್ಸಿಲ್ಲ. ಹಾಗಾಗಿ ಅವರ ಜಾಗ ಪರದೆಯ ಹಿಂದೆ. ತೆಳು ಬಿಳಿ ಬಟ್ಟೆಯ ಪರದೆ, ಆಟಕ್ಕೆ ಮುಂಚೆ ಅದರ ಮೇಲೆ ನೀರು ಚಿಮುಕಿಸುತ್ತಿದ್ದರಂತೆ, ಹಿಂದೆ ಕೂತವರಿಗೂ ಚೆನ್ನಾಗಿ ಕಾಣಲೆಂದು. ಸ್ಪೀಕರೂ ಆ ಕಡೆಗೇ ಇದ್ದದ್ದರಿಂದ ಮಾತು ನಮಗೇ ಚೆನ್ನಾಗಿ ಕೇಳುತ್ತಿತ್ತು ಎಂದು ಅತ್ತೆಗೆ ಈಗಲೂ ಒಂದು ಹೆಮ್ಮೆ. ಮಾತು ಸರಿಯಾಗಿ ಕೇಳಿತ್ತು. ಚಿತ್ರ ತಿರುವುಮುರುವಾಗಿ ಕಂಡಿತ್ತು. ಇನ್ಸ್‌ಪೆಕ್ಟರು ಎಡಗೈ ಎಂದದ್ದು ಎಡಗೈಯೇ, ಆದರೆ ಹಿಂದೆ ಕೂತವರ ಕಣ್ಣಿಗೆ ಬಲಗೈ ಎಡಗೈಯಾಗಿ, ಎಡಗೈ ಬಲಗೈಯಾಗಿ ಕಂಡಿತ್ತು. ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ನಾನೂ ಒಮ್ಮೆ ಬಟ್ಟೆಯ ಹಿಂಬದಿಗೆ ಗೆರೆ ಎಳೆದುಕೊಂಡು ಅಕ್ಷರವನ್ನು ತಿರುವುಮುರುವಾಗಿ ಹೊಲಿದಿದ್ದೆ. ಸಿಸ್ಟರ್ ಅದನ್ನು ಪೂರ್ತಿ ಬಿಚ್ಚಿಸಿದರು. ಅತ್ತೆಗೆ ಅಕ್ಷರ ಬಾರದು. ಸಿನಿಮಾದ ಹೆಸರು ಹಿಂದುಮುಂದಾಗಿ ಮೂಡಿದ್ದು ಪರದೆಯ ಹಿಂದೆ ಕೂತಿದ್ದ ಯಾವ ಹೆಂಗಸಿಗೂ ಗೊತ್ತಾಗಿರಲಿಲ್ಲ.

ಟೀವಿ ಆರಿಸಿ ಅಡುಗೆಮನೆಗೆ ಹೋದೆ. ಮಾವನನ್ನು ಕಳ್ಳನೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ, ಅಲ್ಲವೆಂದೂ ಯೋಚಿಸಿರಲಿಲ್ಲ. ನಾನು ಯಳಂದೂರಿನವಳು, ಅವರ ಊರಿನ ಗಲಾಟೆ ನನಗೆ ಕತೆಯಾಗಿ ಬಂದದ್ದು. ಆದರೆ ಅತ್ತೆಯ ನಂಬಿಕೆ ಯಾವುದರ ಮೇಲೆ ನಿಂತಿದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಮಾವ ನಲ್ಲಿಯ ವಾಷರ್ ಬದಲಾಯಿಸುವಾಗ ಎದುರಿಗೆ ಜನರಿದ್ದರೆ ಬಲಗೈ, ಯಾರೂ ಇಲ್ಲವೆಂದುಕೊಂಡಾಗ ಎಡಗೈ. ನಾನು ಕಿಟಕಿಯಿಂದ ನೋಡಿದ್ದೇನೆ. ರೈಲಿನ ಆ ದೃಶ್ಯವನ್ನು ಅತ್ತೆ ಸರಿಯಾಗಿ ನೋಡಿದರೆ, ಪಕ್ಕದಲ್ಲಿ ಕೂತ ತಮ್ಮನನ್ನು ಹೇಗೆ ನೋಡಬಹುದೋ ಎಂದು ಹೆದರಿಕೆಯಾಯಿತು.

ಅವರು ಬಂದರು. ಅತ್ತೆ ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಮಾವ ನೀರಿಗೆ ಬಂದರು. ನಾನು ಚೊಂಬು ಕೊಡುತ್ತ, ಮಧ್ಯಾಹ್ನ ನೆಟ್ ಬರುವುದು ಕಷ್ಟ, ಸಿನಿಮಾ ಬೇಡವೇನೋ ಎಂದೆ.

ಮಾವ ನೀರು ಕುಡಿದು ಚೊಂಬನ್ನು ಕಟ್ಟೆಯ ಮೇಲಿಟ್ಟರು. "ನೋಡ್ಬುಟ್ಯಾ ಕಣವ್ವ?"

"ಹೂಂ ಮಾವ."

"ನಾನು ಗಂಡಸ್ರ ಕಡೆ ಕೂತಿದ್ದಿ." ಅವರು ಧ್ವನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. "ಬೊಂಬೆ ರಿಪೇರಿ ಮಾಡೂವಾಗ ನನ್ನ ಪಕ್ಕದಲ್ಲಿದ್ದ ಗಂಡಸ್ರೆಲ್ಲ ನನ್ ಕೈ ನೋಡುದ್ರು. ಮನೆಗ ಬಂದ್ರೆ ಅಕ್ಕ ಕುಣಿದಾಡ್ಕಂಡು ಬಂದವ್ಳೆ. ನೋಡ್ದ್ಯೇನ್ಲಾ, ಸಿನಿಮಾದಲ್ಲೂ ನಿನ್ನಂಗೇ ಒಬ್ಬ ಇದ್ದ, ಅವ್ನು ಕಳ್ಳ ಅಲ್ಲ ಅಂತವ. ನಾನೇನು ಯೋಳ್ಲಿ? ಊಂ ಕಣಕ್ಕ ಅಂದಿ."

"ಆಮೇಲೂ ಹೇಳಲಿಲ್ಲವಾ?"

"ಯೋಳಿ ಏನ್ ಮಾಡ್ಲವ್ವ. ಅಷ್ಟು ಜನ ಎಂಗಸ್ರು ನಂಬ್ಕಂಡಿದ್ರಲ್ಲ." ಬಾಗಿಲ ಕಡೆ ನೋಡಿದರು. "ರೈಲು ಬಂದಾಗ ಕರೆಂಟು ಓಯ್ತು ಅಂದ್ಬುಡು. ನಮ್ಮ ಕರೆಂಟ್ನ ಯಾರು ಅನುಮಾನ ಪಡ್ತಾರೆ."

ಹಾಗೇ ಎಂದು ಒಪ್ಪಿಕೊಂಡೆ. ಊಟಕ್ಕೆ ಮುಂಚೆ ನೋಡಿಬಿಡೋಣ ಎಂದು ಅತ್ತೆಯೇ ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು. ಮಾವ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು, ಚಳಿಗೆ ಕೂತವರ ಹಾಗೆ. ನಾನು ರಿಮೋಟು ಹಿಡಿದು ಬಾಗಿಲಿಗೆ ಒರಗಿ ನಿಂತೆ.

ಶುರುವಿನಲ್ಲಿ ಅತ್ತೆ ಬಹಳ ಮಾತಾಡಿದರು. ಇವನು ಈಗ ಬೀಳುತ್ತಾನೆ, ಇವಳು ಈಗ ಅಳುತ್ತಾಳೆ. ಮಾವ ಹೂಂ, ಹೂಂ ಎನ್ನುತ್ತಿದ್ದರು. ಬಾವಿಯ ದೃಶ್ಯ ಬಂತು.

"ಇದೇನಿದು, ಇವ್ಳು ಸೆರಗ ಎಡಗಡೀಕ ಆಕವ್ಳಲ್ಲ?"

"ಟೀವಿಗೆ ಬೇರೆ ತರ ಮಾಡಿರುತ್ತಾರೆ ಅತ್ತೆ" ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ತಡಮಾಡಿ ಹೇಳುತ್ತೇನೆ, ಸಿಕ್ಕಿಬೀಳುತ್ತೇನೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಟೀವಿಗೆ ತಿರುಗಿದರು. ಆಮೇಲೆ ಅವರ ಮಾತು ಕಡಿಮೆಯಾಯಿತು. ಮೆಕ್ಯಾನಿಕ್ಕು ತಿಜೋರಿಗೆ ಕಿವಿ ಕೊಟ್ಟು ಹಿಡಿಯನ್ನು ತಿರುಗಿಸಿದಾಗ ಅವರು ತಮ್ಮ ಎರಡೂ ಕೈಯನ್ನು ಮುಂದೆ ಚಾಚಿ, ಯಾವುದು ಯಾವುದೆಂದು ನೋಡಿಕೊಂಡರು. ಪೆನ್ನಿನ ದೃಶ್ಯದಲ್ಲಿ ಟೀವಿಯ ಕಡೆ ಬಾಗಿ ಕೂತರು. ಮಾವನೂ ಹೂಂ ಅನ್ನುವುದನ್ನು ನಿಲ್ಲಿಸಿದ್ದರು.

ರೈಲು ಬಂತು. ನಾನು ಸ್ವಿಚ್ಚಿನ ಕಡೆ ಒಂದು ಹೆಜ್ಜೆ ಇಟ್ಟೆ.

"ಇರ್ಲಿ ಬುಡವ್ವ" ಎಂದರು ಅತ್ತೆ, ತಿರುಗದೆಯೇ. "ನೋಡ್ತೀನಿ."

ನೋಡಿದರು. ಎಡಗೈ ಗೊಂಬೆಯನ್ನು ಸರಿಮಾಡಿತು, ಮಗು ಚಪ್ಪಾಳೆ ತಟ್ಟಿತು, ಅವನು ಕಿಟಕಿಯ ಕಡೆ ತಿರುಗಿ ನಕ್ಕ. ಅಕ್ಷರಗಳು ಬಂದವು. ನಾನು ಟೀವಿ ಆರಿಸಿದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಬೇರೆ ದಿನವಾದರೆ ಅತ್ತೆ ಎದ್ದು ಹೋಗಿ ಅವಳನ್ನು ನಿಲ್ಲಿಸುತ್ತಿದ್ದರು.

"ನಿಂಗ ಗೊತ್ತಿತ್ತೇನ್ಲಾ?" ಎಂದು ತಮ್ಮನನ್ನು ಕೇಳಿದರು.

"ಊಂ ಕಣಕ್ಕ."

"ಇವ್ಳ್ಗೂ ಗೊತ್ತು. ನಾನೊಬ್ಳು ಬೆಪ್ಪಿ."

"ಅಂಗಲ್ಲಕ್ಕ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಇಷ್ಟು ವರ್ಷ ಅವರು ತಮ್ಮನ ಪರವಾಗಿ ಜಗಳವಾಡಿದ್ದನ್ನು ನಾನು ಕಂಡಿದ್ದೇನೆ. ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ, ಒಮ್ಮೆ ಬಸ್ಸಿನಲ್ಲೂ. ಪ್ರತಿಸಲವೂ ಸಿನಿಮಾವನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಆ ಸಾಕ್ಷಿ ಈಗ ಅವರ ಕಣ್ಣೆದುರಿಗೇ ಇನ್ನೊಬ್ಬರ ಪಕ್ಷಕ್ಕೆ ಹೋಗಿತ್ತು.

"ನೀನು ತಗ್ದಿದ್ಯೇನ್ಲಾ?"

ಮಾವನಿಗೆ ಕೋಪ ಬರುತ್ತದೆ, ಎದ್ದು ಚೀಲ ತೆಗೆದುಕೊಳ್ಳುತ್ತಾರೆ ಎಂದು ನಾನು ಎಣಿಸಿದೆ. ಅವರು ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇಲ್ಲ ಕಣಕ್ಕ."

"ಬೀಗ ಮಾಡ್ಕೊಟ್ಟಾಗ ಇನ್ನೊಂದು ಕೀಲಿ ಮಾಡ್ಕಂಡಿದ್ಯಾ?"

"ಇಲ್ಲ."

"ಯಾರಿಗಾದ್ರೂ ಯೋಳ್ಕೊಟ್ಟಿದ್ಯಾ?"

"ಇಲ್ಲ ಕಣಕ್ಕ. ನಂಗ ಬೀಗ ಗೊತ್ತು, ಒಳಗ ಏನಿತ್ತು ಅಂತ ಗೊತ್ತಿಲ್ಲ. ಈಗ್ಲೂ ಗೊತ್ತಿಲ್ಲ."

ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ಹೊಸ ಕಣ್ಣಿನಿಂದ ಅಷ್ಟು ಹತ್ತಿರದಿಂದ ತಮ್ಮನನ್ನು ಅವರು ನೋಡಿದ್ದು ಅದೇ ಮೊದಲಿರಬೇಕು. "ಸರಿ" ಎಂದರು. "ಅದನ್ನ ಆಗ್ಲೇ ಯೋಳಬಾರ್ದಾಗಿತ್ತಾ?"

"ನೀನು ಕೇಳ್ನಿಲ್ವಲ್ಲಕ್ಕ. ಸಿನಿಮಾನ ಕೇಳ್ದೆ, ನನ್ನ ಕೇಳ್ನಿಲ್ಲ."

ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಮೋಟಾರಿನಲ್ಲಿ ಎಲ್ಲಿ ಕೆಟ್ಟಿದೆ ಎಂದು ತೋರಿಸುವ ಹಾಗೆ ಹೇಳಿದರು. ಅತ್ತೆ ತಟ್ಟೆ ಹಾಕು ಎಂದು ನನಗೆ ಹೇಳಿ ಎದ್ದರು.

ಮುದ್ದೆ, ಉಪ್ಸಾರು, ಬೆಂದ ಅವರೆಕಾಳು. ಊಟಕ್ಕೆ ಮಾತ್ರ ಮಾವನಿಗೆ ಮೊದಲಿನಿಂದಲೂ ಬಲಗೈ, ಅದನ್ನು ಚಿಕ್ಕಂದಿನಲ್ಲೇ ಅವರ ಅವ್ವ ತಿದ್ದಿದ್ದಾಳೆ. ಮೊದಲ ತುತ್ತು ಆದ ಮೇಲೆ ಅತ್ತೆ ಕೇಳಲು ಶುರುಮಾಡಿದರು. ಠಾಣೆಯಲ್ಲಿ ಎಲ್ಲಿ ಮಲಗಿಸಿದ್ದರು. ಹೊದೆಯಲು ಕೊಟ್ಟಿದ್ದರಾ. ಏನು ತಿನ್ನಲು ಕೊಟ್ಟರು. ಜೊತೆಯಲ್ಲಿ ಇನ್ನು ಯಾರಿದ್ದರು. ಬಿಟ್ಟ ದಿನ ಊರಿಗೆ ನಡೆದು ಬಂದೆಯಾ, ಬಸ್ಸಿನಲ್ಲಿ ಬಂದೆಯಾ. ಮಾವ ಒಂದೊಂದಕ್ಕೂ ನೆನಪು ಮಾಡಿಕೊಂಡು ಉತ್ತರ ಕೊಟ್ಟರು. ಒಂದು ಕಂಬಳಿ ಇತ್ತಂತೆ, ಸೀಮೆಎಣ್ಣೆ ವಾಸನೆ ಬರುತ್ತಿತ್ತಂತೆ. ಗೋಪಿನಾಥಂ ಕಡೆಯ ಒಬ್ಬ ಮುದುಕನನ್ನು ಮೀನಿನ ಬಲೆಯ ಜಗಳಕ್ಕೆ ಹಿಡಿದು ತಂದಿದ್ದರಂತೆ. ಅವನು ಪೂರ್ತಿ ಹೊತ್ತು ತಮಿಳಿನಲ್ಲಿ ಬಲೆಗೇ ಬೈಯುತ್ತಿದ್ದನಂತೆ. ಇದಕ್ಕೆ ಅತ್ತೆ ನಕ್ಕರು. ಮಾವನೂ ನಕ್ಕರು. ಮಾವ ಹತ್ತಬೇಕಿದ್ದ ಮಧ್ಯಾಹ್ನದ ಬಸ್ಸು ಹೋಯಿತು, ಯಾರೂ ಎಚ್ಚರಿಸಲಿಲ್ಲ.

ನಾನು ಮಜ್ಜಿಗೆ ಬಡಿಸುತ್ತಿದ್ದೆ.

"ಆ ಮಂಡಿಯವ್ನು ಆಮೇಲೆ ನಿನ್ನ ಮಾತಾಡಿಸ್ದ್ನಾ?" ಎಂದು ಅತ್ತೆ ಕೇಳಿದರು.

"ಎಲ್ಲಿ. ದಾರೀಲಿ ಕಂಡ್ರೆ ಆ ಕಡೆ ಮಕ ತಿರುಗಿಸ್ಕಂಡು ಓಗೋನು."

"ಅವ್ನ ಎಂಡ್ತಿ?"

"ಆಯಮ್ಮ ಕರೆಸಿದ್ರು. ಅದೇ ತಿಜೋರಿ ಬೀಗಕ್ಕೆ, ಸಿನಿಮಾ ಬಂದು ಓದ ಮೇಲೆ. ಯಜಮಾನ್ರು ಸಂತೆಗ ಓಗಿದ್ದ ದಿನ."

"ಅವ್ಳೂ ನಮ್ ಕಡೆನೇ ಕೂತಿದ್ಲಲ್ಲ. ಸಿನಿಮಾ ನೋಡಿ ನಂಬ್ಕೊಂಡ್ಳು."

ಮಾವ ಮಜ್ಜಿಗೆಯ ಲೋಟವನ್ನು ತಟ್ಟೆಯ ಪಕ್ಕಕ್ಕೆ ಸರಿಸಿದರು. "ಇಲ್ಲ ಕಣಕ್ಕ. ಆಯಮ್ಮ ಬಾಗ್ಲಲ್ಲಿ ನಿಲ್ಲಿಸಿ ಕೇಳುದ್ರು. ನೀನು ತಗ್ದಿದ್ಯಾ ಅಂತ, ಮೊಕ ನೋಡ್ಕಂಡೇ ಕೇಳುದ್ರು. ಇಲ್ಲ ಕಣ್ರವ್ವ ಅಂದಿ. ಅಂಗಾರೆ ಒಳಗ ಬಾ ಅಂದ್ರು."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಬೆರಳಿಗಂಟಿದ್ದ ಮುದ್ದೆ ಒಣಗುವವರೆಗೂ ಅವರು ಹಾಗೇ ಕೂತಿದ್ದರು. ನಾನು ಇನ್ನಷ್ಟು ಸಾರು ಹಾಕಲೇ ಎಂದು ಇಬ್ಬರನ್ನೂ ಕೇಳಿದೆ. ಮಾವ ಸಾಕೆಂದರು. ಅತ್ತೆಗೆ ಕೇಳಿಸಲಿಲ್ಲ.